ಲಾಯದ ಗೋಡೆಯ ಬಳೆಗಳು

ನನ್ನ ದೊಡ್ಡಪ್ಪ ಹುಟ್ಟುಕುರುಡ. ಅವನನ್ನು ಪಾಪ ಎನ್ನಲು ಹೋಗಿ ಬೈಸಿಕೊಳ್ಳದವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ. ಬೆತ್ತದ ಕುರ್ಚಿ ಹೆಣೆಯುವುದು ಅವನ ಕಸುಬು, ಸಿಕ್ಕವರ ಕಾಲೆಳೆಯುವುದು ಹವ್ಯಾಸ. ಕೈ ಹಿಡಿದು ನಡೆಸಲು ಬಂದವರಿಗೆ, "ನಿಮಗೆ ದಾರಿ ತಪ್ಪಿದ್ರೆ ಹೇಳಿ, ನಾನೇ ಕರ್ಕೊಂಡು ಹೋಗ್ತೀನಿ" ಎನ್ನುತ್ತಿದ್ದ.

ಹೆಣೆಯುತ್ತಿದ್ದದ್ದು ಮನೆಯ ಹಿಂದಿನ ಹಳೆಯ ಕುದುರೆ ಲಾಯದಲ್ಲಿ. ಕುದುರೆಗಳು ಹೋಗಿ ಯಾವ ಕಾಲವಾಯಿತೋ, ಅವನ್ನು ಕಟ್ಟುತ್ತಿದ್ದ ಕಬ್ಬಿಣದ ಬಳೆಗಳು ಮಾತ್ರ ಗೋಡೆಯುದ್ದಕ್ಕೂ ಉಳಿದಿದ್ದವು. ದೊಡ್ಡಪ್ಪನಿಗೆ ಅವೇ ದಾರಿ. ಒಂದು ಬಳೆಯಿಂದ ಇನ್ನೊಂದಕ್ಕೆ ಕೈ ಹಾಕುತ್ತಾ, ಬೆತ್ತ ನೆನೆಸುವ ಕಲ್ಲಿನ ತೊಟ್ಟಿ ದಾಟಿ ತನ್ನ ಮಣೆಗೆ, ಅಲ್ಲಿಂದ ಹಿತ್ತಲ ಪಾಯಿಖಾನೆಗೆ, ಯಾರನ್ನೂ ಕರೆಯದೆ ಓಡಾಡುತ್ತಿದ್ದ. ಅದೇ ಅವನ ಜಂಬ. ನಮಗೂ ಅದು ಎಷ್ಟು ರೂಢಿಯಾಗಿತ್ತೆಂದರೆ, ಅವನಿಗೆ ಕಣ್ಣಿಲ್ಲವೆಂಬುದೇ ಮರೆತುಹೋಗಿತ್ತು.

ಅವನ ಒಡಹುಟ್ಟಿದ ತಮ್ಮ, ನನ್ನ ಅಪ್ಪನೂ ಮರೆತನಲ್ಲ ಎಂದು ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಲಾಯವನ್ನು ದೊಡ್ಡ ವರ್ಕ್‌ಶಾಪ್ ಮಾಡುವ ಹುಚ್ಚು ಅವನ ತಲೆಗೆ ಹತ್ತಿತು. ಪಕ್ಕದ ಖಾಲಿ ಜಾಗದಲ್ಲಿ ಹೊಸ ಭಾಗ ಕಟ್ಟಬೇಕು, ಇನ್ನಷ್ಟು ಜನರನ್ನು ಸೇರಿಸಿಕೊಳ್ಳಬೇಕು, ಗಿರಾಕಿಗಳು ಬಂದು ಕೆಲಸ ನೋಡಬೇಕು. ಧೂಳು ಆಗಿಬರುವುದಿಲ್ಲವೆಂದು ದೊಡ್ಡಪ್ಪನನ್ನು ನನ್ನ ಸೋದರತ್ತೆಯ ಮನೆಗೆ ಕಳಿಸಿದ.

"ನೀನು ಬರೋಷ್ಟರಲ್ಲಿ ಗುರುತೇ ಸಿಗಬಾರದು, ಹಾಗೆ ಮಾಡಿಸ್ತೀನಿ ಅಣ್ಣ" ಎಂದ. ಹೇಳಿದಂತೆಯೇ ಮಾಡಿಸಿದ.

ದೊಡ್ಡಪ್ಪ ವಾಪಸ್ಸು ಬಂದ ದಿನ ಮೇಸ್ತ್ರಿ, ಹೊಸ ಕೆಲಸಗಾರರು, ಮನೆಯವರು ಎಲ್ಲ ಸೇರಿದ್ದೆವು. ಅವನು ಎಂದಿನಂತೆ ಬಾಗಿಲು ದಾಟಿ ಎಡಗೈ ಚಾಚಿದ. ನುಣುಪಾದ ಗಾರೆ. ಇನ್ನೂ ಮುಂದೆ ಸವರಿದ, ಅಲ್ಲೂ ಗಾರೆ. ಆಮೇಲೆ ಗೋಡೆಯೇ ಮುಗಿದುಹೋಯಿತು. ಹೊಸ ಭಾಗಕ್ಕಾಗಿ ಅದನ್ನು ಒಡೆದಿದ್ದರು. ಹಠಮಾರಿ, ನಿಲ್ಲಲಿಲ್ಲ. ನಡುವಿಗೆ ಸರಿಸಿದ್ದ ತೊಟ್ಟಿ ಮೊಣಕಾಲಿಗೆ ಬಡಿದು ಮುಗ್ಗರಿಸಿ ನೀರಿಗೆ ಬಿದ್ದ. ತಮಾಷೆ ಮಾಡುತ್ತಿದ್ದಾನೆಂದು ಎಲ್ಲರೂ ನಕ್ಕರು. ತುಟಿ ಒಡೆದು ರಕ್ತ ಬಂದ ಮೇಲೂ ಹೊಸಬನೊಬ್ಬ ನಗುತ್ತಲೇ ಇದ್ದ.

"ಬಳೆಗಳೆಲ್ಲಿ?" ಎಂದ ದೊಡ್ಡಪ್ಪ, ತೊಟ್ಟಿಯಲ್ಲಿ ಕೂತೇ.

"ಗುಜರಿಗೆ ಹಾಕ್ದೆ. ತುಕ್ಕು ಹಿಡಿದಿತ್ತಲ್ಲ ಅಣ್ಣ, ನೋಡೋಕೆ ಚೆನ್ನಾಗಿರಲಿಲ್ಲ" ಎಂದ ಅಪ್ಪ.

"ನೋಡೋಕೆ" ಎಂದ ದೊಡ್ಡಪ್ಪ.

ಅಪ್ಪನ ಮುಖ ಬಿಳಿಚಿಕೊಂಡಿತು. ಮರುದಿನವೇ ಬಾಗಿಲಿಂದ ಹಿತ್ತಲವರೆಗೆ ಹಗ್ಗ ಕಟ್ಟಿಸಿದ. ಗಿರಾಕಿಯೊಬ್ಬಳು ಅದಕ್ಕೆ ಎಡವಿ ಕೂಗಾಡಿದಳು. ಸಂಜೆಗೆಲ್ಲ ಹಗ್ಗ ಮಾಯ. ಈಗ ದೊಡ್ಡಪ್ಪನ ಮಣೆ ಬಾಗಿಲ ಪಕ್ಕದಲ್ಲಿದೆ. ಬೆಳಗ್ಗೆ ಅಮ್ಮ ಕೈ ಹಿಡಿದು ತಂದು ಕೂರಿಸುತ್ತಾಳೆ.

"ಇವ್ನು ನಮ್ಮಣ್ಣ. ಹುಟ್ಟಿದಾಗಿಂದ ಕಣ್ಣಿಲ್ಲ, ಆದ್ರೂ ಕೈ ನೋಡಿ" ಎಂದು ಅಪ್ಪ ಬಂದವರಿಗೆಲ್ಲ ತೋರಿಸುತ್ತಾನೆ. ಈಗ ಮರೆಯುವುದೇ ಇಲ್ಲ ನೋಡಿ.

ಪಾಯಿಖಾನೆಗೆ ಹೋಗಬೇಕೆಂದರೆ ದೊಡ್ಡಪ್ಪ ಎಲ್ಲರೆದುರು ಯಾರನ್ನಾದರೂ ಕೂಗಬೇಕು. ತಡೆದು ತಡೆದು ಒಂದು ದಿನ ಕೂಗಿದ. ಹೊಸದಾಗಿ ತಂದ ಮರ ಕೊರೆಯುವ ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಗಿರಾಕಿಗಳ ಎದುರೇ ಅವನ ಬಟ್ಟೆ ಒದ್ದೆಯಾಯಿತು. ಒಬ್ಬಾಕೆ ತನ್ನ ಮಗುವನ್ನು ಪಕ್ಕಕ್ಕೆ ಎಳೆದುಕೊಂಡಳು.

ಅಂದಿನಿಂದ ಅವನು ಕೆಲಸ ಮುಗಿಯುವವರೆಗೆ ನೀರು ಮುಟ್ಟುವುದಿಲ್ಲ. ನಾನು ಲೋಟ ಹಿಡಿದು ಹತ್ತಿರ ಹೋದರೆ, "ಬಾಯಾರಿಕೆ ಇಲ್ಲ ಮಗಳೇ" ಎನ್ನುತ್ತಾನೆ. ಹೇಳುವಾಗ ಒಣಗಿದ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತದೆ.