ನಲವತ್ತೊಂದನೇ ನಂಬರು

ಅವರ ಅಂಗಿಯ ಎದೆಭಾಗದಲ್ಲಿ ಯಾವಾಗಲೂ ಧೂಳಿನದೊಂದು ಅಡ್ಡಪಟ್ಟಿ ಇರುತ್ತಿತ್ತು. ಮೇಜಿನ ಕೆಳಗೆ ಬೋರಲಾಗಿ ಮಲಗಿ, ಸಣ್ಣ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ವೈರಿನ ಹಿಂದೆ ಗೋಡೆಯವರೆಗೂ ತೆವಳುವವರ ಅಂಗಿ ಇನ್ನು ಹೇಗಿದ್ದೀತು? ಬೊಮ್ಮಸಂದ್ರದ ನಮ್ಮ ಔಷಧ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಪ್ರಿಂಟರ್ ಸಾರ್ ಎನ್ನುತ್ತಿದ್ದರು. ಅವರು ಕಾರ್ಖಾನೆಯ ನೌಕರರಲ್ಲ, ಪ್ರಿಂಟರ್, ಕಂಪ್ಯೂಟರ್ ರಿಪೇರಿಗೆಂದು ಏಜೆನ್ಸಿಯೊಂದು ಕಳಿಸಿದವರು. ಬಿಜಾಪುರದ ಕಡೆಯವರು, ವಯಸ್ಸು ನಲವತ್ತೈದರ ಆಸುಪಾಸು. ಆನೇಕಲ್ ರಸ್ತೆಯ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ತಾಯಿ ಮತ್ತು ಹೆಂಡತಿಯ ಜೊತೆ ಇದ್ದರು.

ನಾನಾಗ ಮಾಲು ಕಳಿಸುವ ವಿಭಾಗದಲ್ಲಿ ಕಾಂಟ್ರ್ಯಾಕ್ಟ್ ಮೇಲಿದ್ದ ಗುಮಾಸ್ತೆ. ಲೇಬಲ್ ಪ್ರಿಂಟರ್ ನನ್ನ ಮೇಜಿನ ಪಕ್ಕದಲ್ಲೇ ಇತ್ತು. ಅದು ನಿಂತರೆ ಪೆಟ್ಟಿಗೆಗಳು ಗೋದಾಮು ಬಿಟ್ಟು ಕದಲುತ್ತಿರಲಿಲ್ಲ. ಉಳಿದ ಮೆಕ್ಯಾನಿಕ್‌ಗಳು ಬಂದವರೇ ಮುಚ್ಚಳ ತೆಗೆಯುತ್ತಿದ್ದರು. ಇವರು ಮಾತ್ರ ಕುರ್ಚಿ ಎಳೆದು ಕೂತು, ಯಾರು ಕೊನೆಗೆ ಮುಟ್ಟಿದರು, ಆಮೇಲೆ ಏನಾಯಿತು ಎಂದು ಕೇಳುತ್ತಿದ್ದರು. "ಮೊದಲ ಮಷೀನಿನ ಮ್ಯಾಲ ಅನುಮಾನ ಪಡಬ್ಯಾಡ್ರಿ ಅಕ್ಕಾರ. ಅದರ ಹಾದಿ ನೋಡ್ರಿ," ಎನ್ನುತ್ತಿದ್ದರು. ಪ್ರಿಂಟ್ ಬಾರದಿದ್ದರೆ ನಾವು ಹತ್ತು ಸಲ ಒತ್ತುತ್ತಿದ್ದೆವು. ಅದಕ್ಕೆ ಅವರ ಉತ್ತರ ಒಂದೇ: "ಒಮ್ಮೆ ಹೇಳಿದ್ರ ಸಾಕ್ರಿ, ಅದೇನ್ ಕಿವುಡ ಅಲ್ಲ."

ಕಂಪ್ಯೂಟರಿನಲ್ಲಿ ಕಪ್ಪು ಪರದೆ ತೆರೆದು ಪ್ರಿಂಟರಿನ ನಂಬರು ಹೊಡೆದು, ಅದು ಮಾರುತ್ತರ ಕೊಡುತ್ತದೋ ಇಲ್ಲವೋ ನೋಡುವುದನ್ನು ನನಗೆ ಕಲಿಸಿದವರು ಅವರೇ. ಆಫೀಸಿನ ನೆಟ್‌ವರ್ಕಿನಲ್ಲಿ ಪ್ರತಿ ಯಂತ್ರಕ್ಕೂ ಮನೆ ನಂಬರಿನಂತೆ ಒಂದೊಂದು ನಂಬರು, ಒಬ್ಬರದನ್ನು ಇನ್ನೊಬ್ಬರಿಗೆ ಕೊಟ್ಟರೆ ಇಬ್ಬರೂ ಕೆಡುತ್ತಾರೆ ಎಂದು ವಿವರಿಸಿ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು ನನ್ನ ಡ್ರಾಯರಿನಲ್ಲಿ ಇಟ್ಟಿದ್ದರು. ಹೊಸ ಯಂತ್ರ ಬಂದರೆ ತಮಗೊಂದು ಫೋನ್ ಮಾಡಿ ಎಂದೂ ಹೇಳಿದ್ದರು.

ಒಂದು ದಿನ ಬೆರಳೊತ್ತುವ ಹಾಜರಿ ಯಂತ್ರ ಕೂರಿಸಲು ಒಬ್ಬ ಬಂದ. "ಮೇಡಂ, ಯಾವ್ದಾದ್ರೂ ಖಾಲಿ ನಂಬರ್ ಇದ್ರೆ ಹೇಳಿ, ಬೇಗ ಮುಗ್ಸ್ಕೊಂಡು ಹೋಗ್ತೀನಿ," ಎಂದ. ನೋಟ್‌ಬುಕ್ ತೆರೆದೆ. ಪುಟದ ಕೊನೆಯಲ್ಲಿ ನಲವತ್ತು ಇತ್ತು. ನಲವತ್ತೊಂದು ಎಂದು ಹೇಳಿ, ಅಂಚಿನಲ್ಲಿ ನನ್ನ ಕೈಯಾರೆ ಬರೆದೆ. ಫೋನ್ ಮಾಡಲಿಲ್ಲ. ಇಷ್ಟಕ್ಕೂ ಅವರನ್ನೇ ಕೇಳಬೇಕೇ ಎಂಬ ಸಣ್ಣ ಜಂಬವಿತ್ತು. ಪುಟ ಮಗುಚಿಯೂ ನೋಡಲಿಲ್ಲ. ಆ ಆತುರದಲ್ಲಿ ನನಗೆ ನೆನಪಾಗದ ಲೇಬಲ್ ಪ್ರಿಂಟರಿನ ನಲವತ್ತೊಂದು ಅಲ್ಲಿ, ಮೊದಲ ಸಾಲಿನಲ್ಲೇ ಇತ್ತು.

ಮರುದಿನ ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಹೋಗಬೇಕಿದ್ದ ತಂಪುಗಾಡಿ ಗೇಟಿನಲ್ಲಿ ಬಂದು ನಿಂತಿತು. ನಾಲ್ಕು ಲೇಬಲ್ ಬಂದು ಪ್ರಿಂಟರ್ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆರಡು ಬಂದವು. ಮತ್ತೆ ನಿಂತಿತು. ಪ್ರಿಂಟರ್ ಸಾರ್ ಬಂದು ಕೇಬಲ್ ಬದಲಿಸಿದರು, ಕಂಪ್ಯೂಟರ್ ಬದಲಿಸಿದರು, ಮಧ್ಯಾಹ್ನದ ಊಟ ಬಿಟ್ಟು ನೆಲದ ಮೇಲೆ ತೆವಳಿದರು. ಯಾರು ಏನು ಮುಟ್ಟಿದರು ಎಂದು ಅಂದೂ ಕೇಳಿದರು. ಹಾಜರಿ ಯಂತ್ರ ನನ್ನ ನೆನಪಿಗೇ ಬರಲಿಲ್ಲ. ಸಂಜೆ ಅವರು ಎಲ್ಲ ಯಂತ್ರಗಳಿಂದ ಗೋಡೆಯ ಪೆಟ್ಟಿಗೆಗೆ ಬಂದು ಸೇರುವ ವೈರುಗಳನ್ನು ಒಂದೊಂದಾಗಿ ಕಿತ್ತರು. ಹಾಜರಿ ಯಂತ್ರದ್ದು ಕಿತ್ತೊಡನೆ ಪ್ರಿಂಟರ್ ಎಚ್ಚೆತ್ತು, ಬಾಕಿಯಿದ್ದ ಲೇಬಲ್‌ಗಳನ್ನೆಲ್ಲ ಬಿಡದೆ ಉಗುಳತೊಡಗಿತು. ಅಷ್ಟರಲ್ಲಿ ವಿಮಾನ ತಪ್ಪಿತ್ತು.

ಅವರು ನೋಟ್‌ಬುಕ್ ತೆಗೆದು ನನ್ನ ಅಕ್ಷರ ನೋಡಿದರು. ಪುಟ ತಿರುವಿ ತಮ್ಮ ಅಕ್ಷರ ನೋಡಿದರು. ಮುಚ್ಚಿ ಚೀಲಕ್ಕೆ ಹಾಕಿಕೊಂಡರು.

"ಆ ನಂಬರ್ ಕೊಟ್ಟಿದ್ದು ಯಾರು? ನಂಗೆ ರೈಟಿಂಗ್‌ನಲ್ಲಿ ಬೇಕು," ಎಂದರು, ಒಂದೇ ನಂಬರು ಎರಡು ಯಂತ್ರಕ್ಕೆ ಹೋಗಿತ್ತೆಂದು ತಿಳಿದು ಬಂದ ನಮ್ಮ ಮ್ಯಾನೇಜರ್.

"ನಾನ ಕೊಟ್ಟೀನ್ರಿ ಸರ್. ಹಾಳಿ ತಿರುವಿ ನೋಡಲಿಲ್ಲ," ಎಂದು ಹೇಳಿ, ಪ್ರಿಂಟರ್ ಸಾರ್ ಅದನ್ನೇ ಬರೆದು ಸಹಿ ಹಾಕಿದರು.

ಮೆಟ್ಟಿಲ ಬಳಿ ಅವರನ್ನು ನಿಲ್ಲಿಸಿದೆ. ಯಾಕೆ ಹಾಗೆ ಬರೆದಿರಿ ಎಂದೆ. "ಮುಂದಿನ ತಿಂಗಳ ನಿಮ್ದು ಪರ್ಮನೆಂಟ್ ಆಗೂದೈತಿ ಅಕ್ಕಾರ. ನನಗೇನ್ ಮಾಡ್ತಾರ, ಬ್ಯಾರೆ ಕಂಪನಿಗೆ ಹಾಕ್ತಾರ, ಅಷ್ಟ," ಎಂದರು. ಬೇಡ ಎನ್ನಬಹುದಿತ್ತು. ಮ್ಯಾನೇಜರ್ ಕೋಣೆಗೆ ಹತ್ತು ಹೆಜ್ಜೆಯೂ ಇರಲಿಲ್ಲ. ನಾನು ಹೋಗಲಿಲ್ಲ.

ಏಜೆನ್ಸಿ ಅವರನ್ನು ಬೇರೆ ಕಂಪನಿಗೆ ಹಾಕಲಿಲ್ಲ, ಅದೇ ಕಾಗದ ಮುಂದಿಟ್ಟು ಕೆಲಸದಿಂದ ತೆಗೆಯಿತು. ನನ್ನ ನೌಕರಿ ಖಾಯಂ ಆಯಿತು. ಕೆಲವು ತಿಂಗಳ ನಂತರ ಧೈರ್ಯ ಮಾಡಿ ಫೋನ್ ಮಾಡಿದೆ. ಊರಿನವರೊಬ್ಬರು ಪೀಣ್ಯದ ಗೋದಾಮಿನಲ್ಲಿ ಮೂಟೆ ಇಳಿಸುವ ಕೆಲಸ ಕೊಡಿಸಿದ್ದಾರೆ, ಮನೆಯನ್ನು ಬಾಗಲಗುಂಟೆಗೆ ಬದಲಿಸಿದೆವು ಎಂದರು. ಅವರ ಉಸಿರು ಮಾತಿನ ನಡುನಡುವೆ ನಿಲ್ಲುತ್ತಿತ್ತು. "ಪ್ರಿಂಟರ್ ಆರಾಮ ಐತ್ರಿ?" ಎಂದು ಕೇಳಿದರು. ಇದೆ ಎಂದೆ. ಕೆಲಸವಿದೆ ಎಂದು ಹೇಳಿ ಫೋನ್ ಇಟ್ಟುಬಿಟ್ಟೆ.

ಮತ್ತೊಮ್ಮೆ ಫೋನ್ ಮಾಡಿದಾಗ ಎತ್ತಿದವರು ಅವರ ಹೆಂಡತಿ. ಗೋದಾಮಿನಲ್ಲೇ ಎದೆನೋವು ಬಂದು ಕುಸಿದವರು ಆಸ್ಪತ್ರೆ ಮುಟ್ಟಲಿಲ್ಲವಂತೆ. ಹದಿನೈದು ದಿನವಾಗಿತ್ತು.

ಭಾನುವಾರ ಬಾಗಲಗುಂಟೆಗೆ ಹೋದೆ. ಆಕೆ ಚಾಪೆ ಹಾಸಿದರು. ಆಕೆಯ ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಆಕೆಯೇ ಕೇಳಿದರು: "ನೀವು ಅವರ ಕೂಡ ಇದ್ದವರು. ಅವರು ಅಂಥಾದ್ದೇನ್ ತಪ್ಪ ಮಾಡಿದ್ರು ಹೇಳ್ರಿ. ಎಷ್ಟ ಕೇಳಿದ್ರೂ ಬಾಯಿ ಬಿಡಲಿಲ್ಲ."

"ತಪ್ಪು ಅವರದಲ್ಲ. ನಂದು," ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಅಷ್ಟು ದಿನ ಹೇಳದೆ ಇಟ್ಟುಕೊಂಡಿದ್ದದ್ದು ಐದೇ ನಿಮಿಷದಲ್ಲಿ ಮುಗಿದುಹೋಯಿತು.

ಆಕೆ ಬೈಯಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ನಮಗ ಗೊತ್ತಿರಲಿಲ್ಲ ನೋಡ್ರಿ," ಎಂದರು. "ಇದ್ದ ಕೆಲಸ ಕಳಕೊಂಡು ಬಂದ್ರಿ ಅಂತ ದಿನಾ ಬೈತಿದ್ವಿ. ಉಣ್ಣಾಕ ಕುಂತಾಗೂ ಬೈತಿದ್ವಿ. ಆ ದಿನ ಮುಂಜಾನೆನೂ ಬೈದ ಕಳಿಸೀನಿ."

ಗೋಡೆಯತ್ತ ತಿರುಗಿದ್ದ ಮುದುಕಿಯ ಬೆನ್ನು ಅಲುಗುತ್ತಿತ್ತು. ನಾನು ಎದ್ದೆ. ಬರುತ್ತೇನೆ ಎನ್ನುವ ಧೈರ್ಯವಾಗಲಿಲ್ಲ. ಇಬ್ಬರಲ್ಲಿ ಯಾರೂ ನನ್ನನ್ನು ತಿರುಗಿ ನೋಡಲಿಲ್ಲ.