ಹೆಂಚಿನಿಂದ ನೇರ ಅವಳ ತಟ್ಟೆಗೆ

“ರೀ, ಮದುವೆ ಆದ್ಮೇಲೆ ನಾನು ಬಿಸಿ ರೊಟ್ಟಿ ತಿಂತಿರೋದು ಇವತ್ತೇ ಮೊದ್ಲು ಕಣ್ರೀ!” ಹೆಂಡತಿ ನಗುತ್ತಲೇ ಹೀಗೆಂದಾಗ ಹೆಂಚಿನ ಮುಂದಿದ್ದ ನಾನು ತಬ್ಬಿಬ್ಬಾದೆ.

ಕಾಫಿ ಒಣಗಿಸುವ ಕಣದಲ್ಲಿ ಜಾರಿ ಬಿದ್ದು ಅವಳ ಎಡಗೈ ಮುರಿದಿತ್ತು. ಹಾಗಾಗಿ ಸೋಮವಾರಪೇಟೆಯ ನಮ್ಮ ಮನೆಯಲ್ಲಿ ಆ ಭಾನುವಾರ ಅಕ್ಕಿ ರೊಟ್ಟಿ, ನಾಟಿ ಕೋಳಿ ಸಾರು ಮಾಡುವ ಸರದಿ ನನ್ನದಾಯಿತು. ಅವಳು ಕುಳಿತಲ್ಲಿಂದಲೇ ಹೇಳಿಕೊಟ್ಟಿದ್ದರಿಂದ ಸಾರು ಚೆನ್ನಾಗಿಯೇ ಬಂತು. ರೊಟ್ಟಿ ಮಾತ್ರ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು! ಮಗಳು ಬಿದ್ದು ಬಿದ್ದು ನಕ್ಕಳು. ಇಷ್ಟು ವರ್ಷ ನಮಗೆಲ್ಲ ಬಿಸಿಬಿಸಿ ಬಡಿಸಿ, ಅವಳು ಕೊನೆಯಲ್ಲಿ ಆರಿದ್ದನ್ನೇ ತಿನ್ನುತ್ತಿದ್ದುದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಈಗ ಅವಳ ಕೈ ವಾಸಿಯಾಗಿದೆ. ಆದರೂ ಭಾನುವಾರ ರೊಟ್ಟಿ ತಟ್ಟುವವನು ನಾನೇ, ಮೊದಲು ಊಟಕ್ಕೆ ಕೂರುವವಳು ಅವಳೇ.