ಕೊಂಡಿಯ ಎಂಟು ಭಾನುವಾರ

ಅಂಗಡಿಗೆ ಬಂದವರ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ ಎಂಬುದರಿಂದಲೇ ನಾನು ಅವರನ್ನು ಅಳೆಯುತ್ತೇನೆ. ಟೈಲ್ಸ್ ವ್ಯಾಪಾರ ನನ್ನದು. ಕೊಳ್ಳುವವರು ನೆಲ ನೋಡುತ್ತಾರೆ. ಹೊತ್ತು ಕಳೆಯಲು ಬಂದವರು ಫ್ಯಾನ್ ನೋಡುತ್ತಾರೆ. ಬೇರೆ ಅಂಗಡಿಯವರು ದರ ತಿಳಿಯಲು ಕಳಿಸಿದವರು ನನ್ನ ಮುಖ ನೋಡುತ್ತಾರೆ. ಈಕೆ ನೋಡಿದ್ದು ಗೋಡೆಯನ್ನು. ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಟ್ಟೆ, ಹಿಮ್ಮಡಿ ಸವೆದ ಚಪ್ಪಲಿ. ಕೊಳ್ಳುವವಳಲ್ಲ, ಮಾರಲು ಬಂದವಳು. ಅದೂ ಮಾರಿ ಅಭ್ಯಾಸವಿಲ್ಲದವಳು ಎಂದು ಕೂತಲ್ಲೇ ತೀರ್ಮಾನಿಸಿದೆ. ಅವಳು ಚೀಲದಿಂದ ಅಳತೆ ಟೇಪು ತೆಗೆದು ಗೋಡೆಗೆ ಹಿಡಿದಳು. ಎದುರಿನ ಔಷಧಿ ಅಂಗಡಿಯವನು ಅವಳನ್ನು ನಗರಸಭೆಯವಳೆಂದುಕೊಂಡು, ಫುಟ್‌ಪಾತಿಗೆ ಚಾಚಿದ್ದ ಪೆಟ್ಟಿಗೆಗಳನ್ನು ಗಡಿಬಿಡಿಯಲ್ಲಿ ಒಳಗೆಳೆದುಕೊಂಡ.

“ಏನಮ್ಮಾ, ಗೋಡೆ ಮಾರಾಟಕ್ಕಿಲ್ಲ,” ಎಂದೆ.

“ಗೊತ್ತು ಯಜಮಾನ್ರೇ. ಖಾಲಿ ಇದೆಯಲ್ಲಾ, ಪಾಪ ಅನ್ನಿಸ್ತು.”

ಕಲಾವಿದರನ್ನೂ ವ್ಯಾಪಾರಸ್ಥರನ್ನೂ ಜೋಡಿಸುವ ಕಂಪನಿಯಂತೆ. ಶುರುವಾಗಿ ಎಂಟು ತಿಂಗಳು. ಕಂಪನಿಯಲ್ಲಿ ಯಾರ‍್ಯಾರಿದ್ದೀರಿ ಎಂದು ಕೇಳಿದೆ. “ನಾನು, ಈ ಚೀಲ,” ಎಂದಳು. ಚೀಲದಲ್ಲೊಂದು ದಪ್ಪ ನೋಟ್‌ಬುಕ್. ಎಡಪುಟದಲ್ಲಿ ಕಲಾವಿದರು, ಬಲಪುಟದಲ್ಲಿ ಅಂಗಡಿಗಳು. ಸಂಬಂಧ ಕುದುರಿದರೆ ಎರಡರ ನಡುವೆ ಒಂದು ಗೆರೆ. ಎಡಕ್ಕೆ ಹತ್ತೊಂಬತ್ತು ಜನ, ಬಲಕ್ಕೆ ನಲವತ್ತು ಅಂಗಡಿ, ನಡುವೆ ಮೂರೇ ಗೆರೆ. ಅದರಲ್ಲೊಂದು, ಚಪ್ಪಲಿ ಅಂಗಡಿಗೆ ಗಿಟಾರ್ ನುಡಿಸಲು ಹೋದವನದು. ದರ ಹೇಳಿದ್ದು ಗಿರಾಕಿಗೆ ಕೇಳಿಸುವುದಿಲ್ಲವೆಂದು ಮಾಲೀಕ ಅವನನ್ನು ಗೋದಾಮಿನಲ್ಲಿ ಕೂರಿಸಿದನಂತೆ. ಅದನ್ನು ಅವಳೇ ಹೇಳಿ ಅವಳೇ ನಕ್ಕಳು. ಸಂಜೆಯೊಳಗೆ ನಮ್ಮ ಬೀದಿ ಅವಳಿಗೆ ‘ಕೊಂಡಿ’ ಎಂದು ಹೆಸರಿಟ್ಟಿತು. “ಸರಪಳಿದೋ, ಚೇಳಿನದೋ?” ಎಂದು ಅವಳು ಕೇಳಿದಳು. “ಕುಟುಕಿದ ಮೇಲೆ ಹೇಳ್ತೀವಿ,” ಎಂದ ಔಷಧಿ ಅಂಗಡಿಯವನು.

ಅವಳು ನನ್ನಲ್ಲಿಗೆ ಬಂದ ಕಾರಣ ಬೇರೆ ಇತ್ತು. ನನ್ನ ಬೀಗರು, ಅಂದರೆ ಮಗಳ ಮಾವ, ಹೊಸ ಹೋಟೆಲ್ ಕಟ್ಟಿಸುತ್ತಿದ್ದರು. ಅದರ ಮುಂದಿನ ಹಾಲ್‌ನಲ್ಲಿ ದೊಡ್ಡದೊಂದು ಗೋಡೆ ಖಾಲಿ ಇತ್ತು. ಕೊಂಡಿಯನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಚಿತ್ರ ಬರೆಯುವವರು. ಅವರ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಇನ್ನು ಮೂರು ತಿಂಗಳು ಕಣ್ಣು ಕಂಡರೆ ಹೆಚ್ಚು ಎಂದಿದ್ದರಂತೆ ಡಾಕ್ಟರು.

“ನಾಲ್ಕು ಜನ ಓಡಾಡೋ ಜಾಗದಲ್ಲಿ ತನ್ನ ಚಿತ್ರ ಇರೋದನ್ನ ಒಂದ್ಸಲ ನೋಡ್ಬೇಕು ಅಂತಾಳೆ. ಅಷ್ಟೇ ಆಸೆ. ಮೊದಲು ನೀವು ಬಂದು ನೋಡಿ. ಇಷ್ಟ ಆದ್ರೆ ಮಾತ್ರ ಬೀಗರ ಕಿವಿಗೆ ಒಂದು ಮಾತು ಹಾಕಿ.”

“ಭಾನುವಾರ ಬಿಡುವಿರುತ್ತೆ. ನೋಡೋಣ,” ಎಂದೆ.

ನಮ್ಮ ವ್ಯಾಪಾರದಲ್ಲಿ ‘ನೋಡೋಣ’ ಅಂದರೆ ‘ಇನ್ನು ಹೊರಡಿ’ ಎಂದರ್ಥ. ‘ಇಲ್ಲ’ ಎಂದರೆ ಮುಖ ಮುರಿದಂತೆ, ‘ಆಗಲಿ’ ಎಂದರೆ ಸಿಕ್ಕಿಬಿದ್ದಂತೆ. ನಮ್ಮ ಬೀದಿಯಲ್ಲಿ ಹುಟ್ಟಿದವರಿಗೆಲ್ಲ ಇದು ಗೊತ್ತು. ಅವಳು ನೋಟ್‌ಬುಕ್ ತೆರೆದು ಏನೋ ಬರೆದುಕೊಂಡು, ಕೈಮುಗಿದು ಹೋದಳು. ನಾನು ಮರೆತೆ.

ಮತ್ತೆ ಬಂದದ್ದು ಎರಡು ತಿಂಗಳಾದ ಮೇಲೆ, ಒಂದು ಸೋಮವಾರ ಬೆಳಿಗ್ಗೆ. ಗೋಡೆ ನೋಡಲಿಲ್ಲ, ಫ್ಯಾನೂ ನೋಡಲಿಲ್ಲ.

“ಯಜಮಾನ್ರೇ, ಇನ್ನು ಬರೋದು ಬೇಡ ಅಂತ ಹೇಳೋಕೆ ಬಂದೆ.”

“ಎಲ್ಲಿಗಮ್ಮಾ?”

“ಮನೆಗೆ. ಭಾನುವಾರ ನೋಡೋಣ ಅಂದಿದ್ರಲ್ಲಾ. ಪ್ರತಿ ಭಾನುವಾರ ಚಿತ್ರಗಳನ್ನ ಗೋಡೆಗೆ ಒರಗಿಸಿಟ್ಟು ಕೂತಿರ್ತಿದ್ವಿ. ಈಗ ಚಿಕ್ಕಮ್ಮನಿಗೆ ಕಿಟಕಿ ಎಲ್ಲಿದೆ ಅನ್ನೋದೊಂದೇ ಕಾಣೋದು. ನಿಮಗ್ಯಾಕೆ ಸುಮ್ನೆ ತೊಂದ್ರೆ?”

ಕುಟುಕಲು ಹೇಳಿದ್ದಲ್ಲ, ನಿಜಕ್ಕೂ ನನ್ನ ತೊಂದರೆ ತಪ್ಪಿಸಲೆಂದೇ ಬಂದಿದ್ದಳು. ಅಷ್ಟರಲ್ಲಿ ಬೀಗರ ಹಾಲ್‌ನ ಗೋಡೆಗೆ ನೆಲದಿಂದ ಸೂರಿನವರೆಗೆ ಟೈಲ್ಸ್ ಕೂತಿತ್ತು. ಯಾರ ಅಂಗಡಿಯದೆಂದು ಹೇಳಬೇಕಾಗಿಲ್ಲ.

ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಅವಳ ಹಿಂದೆಯೇ ನಡೆದೆ. ಲಾಂಡ್ರಿಯೊಂದರ ಮೇಲೆ ಎರಡು ಕೋಣೆ. ಒರಗಿಸಿಟ್ಟ ಒಂಬತ್ತು ಚಿತ್ರಗಳು, ಅವುಗಳ ಎದುರಿಗೆ ಎರಡು ಕುರ್ಚಿ. ಒಂದರಲ್ಲಿ ಚಿಕ್ಕಮ್ಮ. ಇನ್ನೊಂದರ ಮೇಲೆ ಒಗೆದು ಮಡಿಸಿದ ಬಟ್ಟೆ ಹಾಸಿತ್ತು.

“ಟೈಲ್ಸ್‌ನೋರು ಬಂದ್ರಾ? ಕೂತ್ಕೊಳ್ಳಿ, ಕೂತ್ಕೊಳ್ಳಿ,” ಎಂದರು. “ನಡುವಿನ ದೊಡ್ಡದು ನೋಡಿ. ಬಟ್ಟೆ ಒಣಹಾಕಿರೋ ಮಹಡಿಗಳು. ಸ್ವಲ್ಪ ಮಂಕಾಯ್ತು ಅಂತ, ನೀವು ಬರ್ತೀರಲ್ಲಾ ಅಂತ, ಹೋದ ತಿಂಗಳು ಹಳದಿ ಟವೆಲ್ ಒಂದು ಸೇರಿಸ್ದೆ. ಹಗ್ಗದ ಮೇಲೆ ಸರಿಯಾಗಿ ಕೂತಿದೆಯಾ? ಇವಳು ಕೂತಿದೆ ಅಂತಾಳೆ. ಸಾಕಿದವಳಿಗೆ ಇನ್ನೇನು ಅಂತಾಳೆ? ನೀವು ವ್ಯಾಪಾರಸ್ಥರು, ಇದ್ದದ್ದು ಇದ್ದ ಹಾಗೆ ಹೇಳಿ.”

ವ್ಯಾಪಾರಸ್ಥರ ಮೇಲೆ ಇಷ್ಟು ನಂಬಿಕೆಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಟವೆಲ್ ಹಗ್ಗದಿಂದ ಒಂದು ಗೇಣು ಮೇಲೆ, ಬರೀ ಆಕಾಶದಲ್ಲಿತ್ತು. ಕೊಂಡಿ ನನ್ನ ಮುಖ ನೋಡಿದಳು.

“ಸರಿಯಾಗಿ ಕೂತಿದೆ ತಾಯಿ,” ಎಂದೆ. ಅಂಗಡಿಯಲ್ಲಿ ದಿನಕ್ಕೆ ಹತ್ತು ಸುಳ್ಳು ಸಲೀಸಾಗಿ ಹೇಳುವ ಬಾಯಿಗೆ ಅದೊಂದು ಸಲೀಸಾಗಲಿಲ್ಲ.

ಚಿತ್ರವನ್ನು ಅಂಗಡಿಗೆ ತಂದು, ಅವಳು ಟೇಪು ಹಿಡಿದಿದ್ದ ಗೋಡೆಗೇ ಹಾಕಿಸಿದೆ. ಚಿಕ್ಕಮ್ಮ ಒಮ್ಮೆ ಬಂದು ಚೌಕಟ್ಟಿನ ಅಂಚು ಸವರಿ, ಸುತ್ತ ಜನ ಓಡಾಡುವ ಸದ್ದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡು ಹೋದರು. ಆ ದಿನ ಕೊಂಡಿ ನೋಟ್‌ಬುಕ್ಕಿನಲ್ಲಿ ನಾಲ್ಕನೆಯ ಗೆರೆ ಎಳೆದಳು. ಅದೇ ಕೊನೆಯದು. ಚಿಕ್ಕಮ್ಮನನ್ನು ಬಿಟ್ಟು ಬೀದಿ ಸುತ್ತುವಂತಿಲ್ಲವೆಂದು, ಮನೆಯ ಕೆಳಗಿನ ಲಾಂಡ್ರಿಯಲ್ಲೇ ಬಟ್ಟೆಗಳಿಗೆ ಚೀಟಿ ಕಟ್ಟುವ ಕೆಲಸಕ್ಕೆ ಸೇರಿದ್ದಾಳೆ. “ಇದೂ ಜೋಡಿಸೋ ಕೆಲಸಾನೇ ಯಜಮಾನ್ರೇ. ಇಲ್ಲಿ ಯಾರೂ ನೋಡೋಣ ಅನ್ನಲ್ಲ,” ಅಂದಳು.

ಗಿರಾಕಿಗಳು ಈಗ ನೆಲ ಬಿಟ್ಟು ಗೋಡೆ ನೋಡುತ್ತಾರೆ. ಆ ಟವೆಲ್ ಯಾಕೆ ಹಾಗಿದೆ ಎಂದು ಕೇಳುತ್ತಾರೆ. ಗಾಳಿ ಜೋರಿತ್ತು ಎನ್ನುತ್ತೇನೆ. ‘ನೋಡೋಣ’ ಅಂದರೆ ಇಬ್ಬರೂ ಸೇರಿ ನೋಡುವುದೆಂದು ಅರವತ್ತು ವರ್ಷ ಆ ಮಾತಾಡಿದ ನನಗೆ ಹೊಳೆದಿರಲಿಲ್ಲ. ಅವರಿಬ್ಬರಿಗೆ ನಾನು ಎಂಟು ಭಾನುವಾರ ಕೊಡಬೇಕು.